ಮಾವಗ ತಂದ ಸಣ್ಣ ನಳಿಗಿ

ನೂಲಿನ ನಂಬರಿನೊಳಗ ನನ್ನನ್ನ ಸೋಲಿಸೋರು ಇಲಕಲ್ಲಿನ್ಯಾಗ ಇನ್ನೂ ಹುಟ್ಟಿಲ್ಲ ಅಂತ ನಾ ತಿಳಕೊಂಡಿದ್ದೆ. ನಲವತ್ತರ ನೂಲು ದಪ್ಪ, ಎಂಬತ್ತರದು ಸಣ್ಣ. ನಂಬರ್ ಏರಿದಂಗ ಎಳಿ ಸಣ್ಣ ಆಗತೈತಿ. ಮಗ್ಗ ತುಳಿದೋರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಎಪ್ಪತ್ತರ ದಶಕದೊಳಗ ಒಂದಿನ ನನ್ನ ಮಾವಗ ಮೂತ್ರ ಕಟ್ಟಿತು. ಹೊಟ್ಟಿ ಉಬ್ಬಿ, ದವಾಖಾನಿ ಮಂಚದ ಮ್ಯಾಲೆ "ಯಪ್ಪಾ, ಶಿವನೇ" ಅಂತ ಒದ್ದಾಡಾಕತ್ತಿದ್ರು. ಡಾಕ್ಟರು "ಹದಿನಾರು ನಂಬರಿನ ಕ್ಯಾಥೆಟರ್" ಅಂತ ಚೀಟಿ ಬರದು, "ಮೂತ್ರ ತಗಿಯೋ ರಬ್ಬರ್ ನಳಿಗಿ. ನಮ್ಮಲ್ಲಿ ತೀರ್ಯಾವು. ಹುನಗುಂದಕ್ಕ ಹೋಗಿ ಲಗೂನ ತರ್ರಿ" ಅಂದ್ರು. ನಾನೂ ನನ್ನ ಹೆಂಡತಿ ಗಂಗವ್ವನೂ ಬಸ್ ಹತ್ತಿದಿವಿ.

ದಾರಿಯೊಳಗ ನಾ ನೂಲಿನ ಲೆಕ್ಕ ಹಾಕಿದೆ. ಹದಿನಾರು ಅಂದ್ರ ಹಗ್ಗದಷ್ಟು ದಪ್ಪ! ಪಾಪ, ಮುದುಕ! ಅಂಗಡ್ಯಾಗ ಚೀಟಿ ತೋರಿಸಿ ಗತ್ತಿನಿಂದ ಅಂದೆ: "ಹದಿನಾರು ಬ್ಯಾಡ್ರಿ, ಇಪ್ಪತ್ನಾಲ್ಕು ಕೊಡ್ರಿ."

"ಚೀಟ್ಯಾಗ ಹದಿನಾರೈತಲ್ರಿ?" ಅಂದ ಅಂಗಡಿಯಾಂವ.

"ನನಗ ನಂಬರ್ ಕಲಸ್ತೀರೇನ? ಇಲಕಲ್ಲಿನಾಂವ ನಾ!"

ಪಾಕೀಟು ಬಿಚ್ಚದಂಗ ಹಿಡಕೊಂಡು ಬಸ್ ನಿಲ್ಲಸಾಕ ಓಡಿದೆ. ಗಂಗವ್ವ ಹಿಂದಿಂದ ತಡಮಾಡಿ ಬಂದ್ಲು. "ಕಾಲಿಗೆ ಕಲ್ಲು ಕಟ್ಯಾರೇನ?" ಅಂತ ಬೈದೆ. ಆಕಿ ಕೈಚೀಲ ತೊಡಿ ಮ್ಯಾಲೆ ಇಟಕೊಂಡು ಕುಂತ್ಲು.

ದವಾಖಾನ್ಯಾಗ ನರ್ಸಬಾಯಿ ಪಾಕೀಟು ಬಿಚ್ಚಿ ಹೌಹಾರಿದ್ರು. "ಇದೇನ ತಂದೀರಿ? ನಂಬರನ್ನ ಮೂರರಿಂದ ಭಾಗಿಸ್ರಿ, ಬರೋದು ನಳಿಗಿ ದಪ್ಪ, ಮಿಲಿಮೀಟರಿನ್ಯಾಗ. ಹದಿನಾರಂದ್ರ ಐದರ ಮ್ಯಾಲೆ ಚೂರು. ಇದು ಎಂಟು!"

ಆ ನಳಿಗಿ ಕಂಡು ಮಾವ ಅಷ್ಟು ನೋವಿನೊಳಗೂ ಎದ್ದು ಕುಂತ್ರು. "ಅಳಿಯಂದ್ರ, ನನಗ ಆರಾಮಾತು. ಮನಿಗೆ ಹೋಗೂಣ ನಡೀರಿ!"

ತಿರುಗಿ ಹುನಗುಂದಕ್ಕ ಓಡಬೇಕಂದ್ರ ಮುಂದಿನ ಬಸ್ಸಿಗೆ ಇನ್ನೂ ಎರಡು ತಾಸು. ಮಾವನ ಮಾರಿ ನೋಡಿ ಖರೇನ ಅಳು ಬಂತು. ಆಗ ಗಂಗವ್ವ ಕೈಚೀಲದಾಗಿಂದ ಇನ್ನೊಂದು ಪಾಕೀಟು ತಗದ್ಲು. ಹದಿನಾರು!

"ನೀವು ಬಸ್ಸಿಗೆ ಓಡಿದ್ರಿ. ನೂಲಿನ ಲೆಕ್ಕ ಮಗ್ಗಕ್ಕ, ಡಾಕ್ಟರ ಲೆಕ್ಕ ನಮ್ಮಪ್ಪಗ ಅಂತ ಇದನ್ನೂ ತಗೊಂಡೆ."

ಎಂಥಾ ಹೆಣ್ಣಮಗಳು! ಅಲ್ಲೇ ಕೈ ಮುಗದೆ. ಸ್ವಲ್ಪ ಹೊತ್ತಿನ್ಯಾಗ ಮಾವ "ಬದುಕಿದೆ" ಅಂತ ಉಸಿರು ಬಿಟ್ರು.

ಅಂದಿನಿಂದ ನಾ ಏನ ಹೇಳಿದ್ರೂ ಗಂಗವ್ವ ಮೂರರಿಂದ ಭಾಗಿಸಿ ನಂಬತಾಳ. ಒಮ್ಮೆ ಮಗ್ಗದಿಂದ ಎದ್ದು, "ಇವತ್ತ ಮೂರು ಮೊಳ ನೇಯ್ದೆ ನೋಡ!" ಅಂದೆ.

ಆಕಿ ರೊಟ್ಟಿ ಬಡಿಯೋದನ್ನ ನಿಲ್ಲಸದ, "ಅಂದ್ರ ಒಂದು" ಅಂದ್ಲು.

ಸಿಟ್ಟು ಬಂದು ಅಳದು ನೋಡಿದೆ. ಖರೇನ ಒಂದ ಮೊಳ!