ಅಳಿಯನ ಹನ್ನೆರಡು ಬಾಣ

ಗಿಡದ ಹೆಸರು ಗೊತ್ತಿರುವುದು ಬೇರೆ, ಗಿಡ ಗೊತ್ತಿರುವುದು ಬೇರೆ. ಜಮಖಂಡಿಯ ಹೈಸ್ಕೂಲಿನಲ್ಲಿ ಹತ್ತು ವರ್ಷ ವಿಜ್ಞಾನ ಕಲಿಸಿದ ಮೇಲೆ ನನಗಿದು ತಿಳಿಯಿತು. ಅಲ್ಲಿಯವರೆಗೆ ಎಲೆ ತೋರಿಸಿದರೆ ಸಾಕು, ಗಿಡದ ಕುಲಗೋತ್ರವನ್ನೆಲ್ಲ ಒದರುತ್ತಿದ್ದೆ. ಆ ಸೊಕ್ಕಿನಲ್ಲೇ, ಸಾಲೆಯ ವಾರ್ಷಿಕೋತ್ಸವದ, ಅಂದರೆ ಗ್ಯಾದರಿಂಗಿನ, ಬೇಟೆ ಕುಣಿತಕ್ಕೆ ಹನ್ನೆರಡು ಬಾಣ ಬೇಕೆಂದಾಗ, "ಬಡಿಗೇರನ ಕಡೆ ಯಾಕ್ರೀ? ಅಡವಿ ಗಿಡದಿಂದ ನಾನ ಮಾಡಿ ತರತೇನಿ. ಖರೆ ಹಾರೂ ಬಾಣ," ಎಂದುಬಿಟ್ಟೆ. ಹೆಡ್‌ಮಾಸ್ತರರು, "ಹಾರಲಿಲ್ಲಂದ್ರ ಮುಂದಿನ ವರ್ಷದಿಂದ ನಿಮಗ ಪರದೆ ಎಳಿಯೂ ಕೆಲಸ," ಎಂದರು. ಎಲ್ಲರೂ ನಕ್ಕರು. ನನ್ನ ಮಾನವೆಲ್ಲ ಹನ್ನೆರಡು ಕಡ್ಡಿಗಳ ಮೇಲೆ ನಿಂತಿತು.

ದಸರೆ ರಜೆಗೆ ಹೆಂಡತಿಯ ತವರು ರನ್ನ ಬೆಳಗಲಿಗೆ ಹೋದೆ. ನಮ್ಮ ಕಡೆ ಅಳಿಯನ ಮಾತಿಗೆ ಮಾವ ಎದುರಾಡುವ ಪದ್ಧತಿಯಿಲ್ಲ. ಒಕ್ಕಲುತನದ ನಮ್ಮ ಮಾವನವರಂತೂ ಇದನ್ನು ವ್ರತದಂತೆ ಪಾಲಿಸುವವರು. ರಾತ್ರಿ ಊಟವಾದ ಮೇಲೆ "ಅಳಿಯಾರ, ಒಂದು ಹಾಡ ಆಗಲಿ," ಎನ್ನುತ್ತಿದ್ದರು. ನಾನು ಹಾಡಿ ಮುಗಿಸುವವರೆಗೂ ಕಣ್ಣು ಮುಚ್ಚಿ ಕೂತು, "ಭಾಳ ಛಲೋ ಆತ್ರಿ," ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟ ತಂಗಡಿ ಗಿಡ ತೋರಿಸಿ, "ಇದ ಬಾಣಕ್ಕ ತಕ್ಕ ಜಾತಿ," ಎಂದೆ. ಮಾವನವರು ಪಕ್ಕದ ಲಕ್ಕಿ ಗಿಡದ ಬೇಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನೀವು ಅಂದ್ರ ಆತ್ರಿ," ಎಂದು ಕುಡಗೋಲು ಕೊಟ್ಟರು. ತಂಗಡಿಗೆ ಗೇಣಿಗೊಂದು ಕವಲು. ಸವರಿದಲ್ಲೆಲ್ಲ ಗಂಟು ಉಳಿಯಿತು. ಕೆಂಡಕ್ಕೆ ಹಿಡಿದು ಒಂದು ತುದಿ ನೆಟ್ಟಗೆ ಮಾಡಿದರೆ ಇನ್ನೊಂದು ತುದಿ ಸೊಟ್ಟಗಾಗುತ್ತಿತ್ತು. ಅಂತೂ ಹನ್ನೆರಡಕ್ಕೂ ಮಸಿಯಲ್ಲಿ ಅಂಕಿ ಬರೆದೆ. "ನೆರಳಾಗ ಒಣಗಬೇಕ್ರಿ, ಅಟ್ಟದ ಮ್ಯಾಲಿರಲಿ. ಗ್ಯಾದರಿಂಗಿಗೆ ನಾನ ತರತೇನಿ," ಎಂದರು ಮಾವನವರು.

ಹೇಳಿದಂತೆ, ಬಾಣಗಳನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಮಾವನವರು ಬಸ್ಸಿಳಿದರು. ಬಿಚ್ಚಿದರೆ ಹನ್ನೆರಡೂ ಬಾಣ ಗೆರೆ ಎಳೆದಷ್ಟು ನೆಟ್ಟಗಿದ್ದವು. ತೊಗಟೆಯೇಕೋ ಬೂದಿ ಬಣ್ಣಕ್ಕೆ ತಿರುಗಿತ್ತು. ಒಣಗಿದರೆ ತೊಗಟೆ ಹೀಗೆ ಬಣ್ಣ ಬಿಡುತ್ತದೆಂದು ಮಕ್ಕಳಿಗೆ ಪಾಠವನ್ನೂ ಮಾಡಿದೆ. ಆರನೆಯ ಬಾಣದ ಅಂಕಿ ತಲೆಕೆಳಗಾಗಿತ್ತು, ಅದು ನನ್ನ ಅವಸರವೆಂದುಕೊಂಡೆ. ಬಾಣಗಳು ರಂಗದ ಈ ತುದಿಯಿಂದ ಆ ತುದಿಗೆ ಹಾರಿದವು. ಹೆಡ್‌ಮಾಸ್ತರರು ನನಗೆ ಹಾರ ಹಾಕಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮ ಮಾವನವರೇ.

ಮುಂದಿನ ಮಳೆಗಾಲ ಬೆಳಗಲಿಗೆ ಹೋದಾಗ ಹಿತ್ತಲಲ್ಲಿ ಹೀರೇಬಳ್ಳಿ ಹಬ್ಬಿತ್ತು. ಅದಕ್ಕೆ ಆಸರೆಯಾಗಿ ಹನ್ನೆರಡು ಸೊಟ್ಟ ಕೋಲು ನಿಂತಿದ್ದವು, ಒಂದೊಂದರ ಮೇಲೂ ನನ್ನ ಮಸಿಯ ಅಂಕಿ. ಹೆಂಡತಿಯನ್ನು ಕೇಳಿದೆ. "ಅಪ್ಪ ಲಕ್ಕಿ ಕಡದು ಬ್ಯಾರೆ ಮಾಡಿದ್ದ. ಹಿಂದಿನ ವರ್ಷ ಕಡದ ಬೊಡ್ಡಿಗೆ ಎದ್ದ ಚಿಗರು ನೆಟ್ಟಗಿರತಾವಂತ. ನಿಮಗ ಹೇಳಬ್ಯಾಡ ಅಂದಿದ್ದ," ಎಂದಳು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಾಲೆಯ ಮೆಟ್ಟಿಲು ಹತ್ತದ ಮನುಷ್ಯ ನನ್ನ ಅಂಕಿಗಳನ್ನು ಒಂದೊಂದಾಗಿ ನೋಡಿ ಬರೆದದ್ದನ್ನು ನೆನೆದು ಕಣ್ಣು ಒದ್ದೆಯಾಯಿತು. ಆದರೆ ಜೊತೆಗೇ ಇನ್ನೊಂದು ಅನುಮಾನವೂ ಹೊಕ್ಕಿತು.

ಅಂದು ಊಟವಾದ ಮೇಲೆ ಮಾವನವರು ಎಂದಿನಂತೆ, "ಅಳಿಯಾರ, ಒಂದು ಹಾಡ ಆಗಲಿ," ಎಂದರು. ಮದುವೆಯಾದಂದಿನಿಂದ ಮೊದಲ ಸಲ ನಾನು, "ಇವತ್ತ ಗಂಟಲ ಸರಿಯಿಲ್ರಿ ಮಾವಾರ," ಎಂದೆ.

ಒಂದು ಸಲವೂ ಒತ್ತಾಯಿಸದೆ, ನನ್ನ ಮಾತು ಮುಗಿಯುವ ಮೊದಲೇ ಅವರು ಹಾಸಿಗೆ ಬಿಚ್ಚಿದರು. "ಆಗಲಿ ಬಿಡ್ರಿ, ಆರಾಮ ಮಕ್ಕೋರಿ."