ಮೂರು ಬೆರಳಿನ ತೂತು

ಮುನಿಯಲ್ಲಪ್ಪನ ಆ ದಿನದ ಪಾಡಿಗೆಲ್ಲ ಕಾರಣ ಒಂದು ತೂತು. ಅದೂ ಮೂರು ಬೆರಳು ತೂರುವಷ್ಟು ಸಣ್ಣ ತೂತು.

ಕೋಲಾರದ ಆ ವಿಶ್ವವಿದ್ಯಾಲಯ ಕಾಲೇಜಿನ ಕಲ್ಲುಕಟ್ಟಡಕ್ಕೆ ನೂರು ವರ್ಷ ದಾಟಿತ್ತು. ಅಲ್ಲಿನ ಎರಡು ಕೊಠಡಿಗಳನ್ನು ಸ್ಮಾರ್ಟ್ ಕ್ಲಾಸ್ ಮಾಡಲು ಹೊರಟಿದ್ದರು. ಬಿಳಿ ಪರದೆ, ಪ್ರೊಜೆಕ್ಟರ್, ಕ್ಯಾಮೆರಾ ಎಲ್ಲ ಬಂದು ಕೂತಿದ್ದವು. ನಡುಗೋಡೆ ದಾಟಿ ಒಂದು ವೈರು ಆಚೆ ಹೋಗಬೇಕಿತ್ತು, ಅಷ್ಟೇ.

ಕಾಲೇಜಿನ ಗುಮಾಸ್ತ ಮುನಿಯಲ್ಲಪ್ಪನಿಗೆ ಆ ವೈರು ಎಲ್ಲಿಗೆ ಹೋದರೆ ಏನಾಗಬೇಕು? ಅವನಿಗೆ ಬೇಕಾಗಿದ್ದದ್ದು ತಾನು ಶ್ರೀನಿವಾಸಪುರಕ್ಕೆ ಹೋಗುವುದು. ಊರು ರಾಯಲ್ಪಾಡು. ಹನ್ನೊಂದು ವರ್ಷದಿಂದ ಕೋಳಿಗಿಂತ ಮೊದಲೇ ಎದ್ದು, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ. ಅಂತೂ ಊರ ಹತ್ತಿರದ ಕಾಲೇಜಿಗೆ ವರ್ಗದ ಆದೇಶ ಬಂದಿತ್ತು. ಆದರೆ ಪ್ರಿನ್ಸಿಪಾಲ್ ರಮಾದೇವಿ ಸೈನು ಹಾಕಿ ಬಿಟ್ಟುಕೊಡಬೇಕು. ಅಂದೇ ಸಂಜೆ ಐದರೊಳಗೆ ಬಿಡದಿದ್ದರೆ ಆದೇಶ ರದ್ದು.

"ಮೇಡಂ, ನನ್ನ ರಿಲೀವಿಂಗ್ ಆರ್ಡರ್ರು..."

"ನಾಲ್ಕು ಗಂಟೆಗೆ ವೀಸಿ ಸಾಹೇಬ್ರು ನೋಡೋಕೆ ಬರ್ತಾರೆ ಕಣ್ರೀ. ಮೊದ್ಲು ತೂತು ಹೊಡೆಸಿ, ಆಮೇಲೆ ಸೈನು. ಒಂದು ಕಲ್ಲು ಜಾಸ್ತಿ ಉದುರಿದ್ರೂ ನೋಡಿ ಮತ್ತೆ!"

ಗೋಡೆ ಒಡೆಯುವ ಮಿಷನ್ ಹಿಡಿದು ಬಂದವನು ಗದಗಿನ ಕಡೆಯ ಆಳು. ಮಾತು ಕಡಿಮೆ, ತೋಳು ದಪ್ಪ. ಮುನಿಯಲ್ಲಪ್ಪ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟ. ಅಷ್ಟರಲ್ಲಿ ರಿಟೈರಾದ ಇತಿಹಾಸದ ಮೇಷ್ಟ್ರು ಸೊಣ್ಣಪ್ಪ ಹಾಜರಾದರು. ರಿಟೈರಾಗಿ ಒಂಬತ್ತು ವರ್ಷವಾದರೂ ಅವರು ಒಂದು ದಿನವೂ ರಜೆ ಹಾಕಿರಲಿಲ್ಲ.

"ಅಲ್ಲಿ ಬೇಡ ಕಣಯ್ಯ. ಅದು ನಾನು ಬೋರ್ಡ್ ತೂಗಾಕ್ತಿದ್ದ ಜಾಗ. ಈ ಕಡೆ ಹೊಡೆಸು."

ಗುರುತು ಎಡಕ್ಕೆ ಹೋಯಿತು. ಕಿಟಕಿಯಾಚೆ ಕ್ಯಾಂಟೀನಿನ ಗಂಗರತ್ನಮ್ಮ ಸೌಟು ಎತ್ತಿದಳು.

"ಅಯ್ಯೋ ಸಾರ್, ಅಲ್ಲಿ ಕೊರೆದ್ರೆ ಧೂಳೆಲ್ಲಾ ನನ್ನ ಚಿತ್ರಾನ್ನಕ್ಕೇ ಬರ್ತದೆ! ಮಧ್ಯಕ್ಕೆ ಹೊಡ್ಸಿ."

ಇಬ್ಬರ ಮಾತೂ ಮೀರಲಾರದೆ ಗುರುತು ಗೋಡೆಯ ನಟ್ಟನಡುವೆ ಬಂದು ನಿಂತಿತು. ಮಿಷನ್ ಗುಡುಗಿತು. ಎರಡು ನಿಮಿಷದಲ್ಲಿ ತೂತು ಬಿತ್ತು. ಮೂರು ಬೆರಳು ಹೋಗುವಷ್ಟು, ಲೆಕ್ಕಕ್ಕೆ ಸರಿಯಾಗಿ. ಆದರೆ ಅದರ ಸುತ್ತಲ ಗಾರೆ ಹಪ್ಪಳದ ಹಾಗೆ ಎದ್ದಿತು. ಒಂದು ಇಟ್ಟಿಗೆ ಜಾರಿತು. ಗದಗಿನವನು ಮಿಷನ್ ನಿಲ್ಲಿಸಿ, ಮುಂದೇನು ಎಂಬಂತೆ ತಿರುಗಿ ನೋಡಿದ.

ಮುನಿಯಲ್ಲಪ್ಪನ ಆಫೀಸಿನ ಕನ್ನಡಕ್ಕೆ ಹೆಸರಿಡುವ ಹಾಗಿರಲಿಲ್ಲ. ಆದರೆ ಎದೆ ಹೊಡೆದುಕೊಂಡಾಗ ಬಾಯಿಗೆ ಬರುವುದು ಮನೆಮಾತು. ರಾಯಲ್ಪಾಡಿನ ತೆಲುಗಿನಲ್ಲಿ ಸಾಕು ಎನ್ನುವುದಕ್ಕೆ ಒಂದೇ ಮಾತು. ಅದನ್ನೇ ಅವನು ಕಿರುಚಿದ.

"ಚಾಲು! ಚಾಲು!"

ಗದಗಿನಲ್ಲಿ ಚಾಲೂ ಎಂದರೆ ಶುರು ಮಾಡು, ಓಡಲಿ ಎಂದು. ಅವನು ತಲೆಯಾಡಿಸಿ ಮತ್ತೆ ಮಿಷನ್ ಒತ್ತಿದ. ಇಟ್ಟಿಗೆಗಳು ಸಾಲಾಗಿ ಉದುರಿದವು.

"ಚಾಲಯ್ಯಾ, ಚಾಲೂ!" ಮುನಿಯಲ್ಲಪ್ಪ ಎರಡೂ ಕೈ ಬೀಸಿ ಕುಣಿದ.

"ಗೋಡ ಪಡಿಪೋತಾ ಉಂದಿರೋ! ಚಾಲು!" ಗೋಡೆ ಬೀಳುತ್ತಿದೆ ಎಂದು ಗಂಗರತ್ನಮ್ಮನೂ ತೆಲುಗಿನಲ್ಲೇ ಕೂಗಿ ಸೌಟು ಬೀಸಿದಳು.

"ಚಾಲು ಅಂತಿದ್ದಾರಲ್ಲಯ್ಯಾ, ಕಿವಿ ಕೇಳಲ್ವಾ? ಚಾಲು!" ಮೇಷ್ಟ್ರು ಕೊಡೆಯಿಂದ ನೆಲ ಕುಟ್ಟಿದರು.

ಇಷ್ಟೊಂದು ಹುರುಪಿನ ಜನರನ್ನು ಗದಗಿನವನು ಜನ್ಮದಲ್ಲಿ ನೋಡಿರಲಿಲ್ಲ. ಅವನಿಗೂ ಹುಮ್ಮಸ್ಸು ಬಂತು. ಮುನಿಯಲ್ಲಪ್ಪ ಓಡಿಹೋಗಿ ಪ್ಲಗ್ ಕಿತ್ತ. ಫ್ಯಾನು ನಿಂತಿತು, ಮಿಷನ್ ನಿಲ್ಲಲಿಲ್ಲ. ಒಡೆಯಲು ಇನ್ನೇನೂ ಉಳಿಯದಿದ್ದಾಗ ಅದು ತಾನಾಗಿ ಸುಮ್ಮನಾಯಿತು.

"ಮುಗೀತ್ರೀ ಸರ," ಎಂದ ಗದಗಿನವನು ಬೆವರು ಒರೆಸುತ್ತ. "ನೀವು ಅಷ್ಟ್ ಅವಸರ ಮಾಡಿದ್ರಿ, ಒಂದ ದಮ್ಮಿನ್ಯಾಗ ಮುಗಿಸೀನಿ."

ಧೂಳು ಇಳಿದಾಗ ಗೋಡೆಯಿದ್ದ ಜಾಗದಲ್ಲಿ ಆನೆ ನುಗ್ಗುವಷ್ಟು ಕಂಡಿಯಿತ್ತು. ಅದರಾಚೆ ಧೂಳು ಮೆತ್ತಿಕೊಂಡು ನಿಂತಿದ್ದವರು ರಮಾದೇವಿ.

"ಮೂರು ಬೆರಳು ಅಂದ್ರೆ ಇದೇನ್ರೀ? ಇನ್ನೊಂದು ಗಳಿಗೆ ನೀವು ಈ ಕಾಲೇಜಲ್ಲಿ ಇರ್ಬಾರ್ದು! ಎಲ್ಲಿ ಆ ಆರ್ಡರ್ರು? ಕೊಡಿ ಇಲ್ಲಿ!"

ಪೆನ್ನಿನ ಮೊನೆ ಕಾಗದ ಹರಿಯುವಂತೆ ಸೈನು ಹಾಕಿ ಅವನ ಮುಖಕ್ಕೆ ಎಸೆದರು. ಮುನಿಯಲ್ಲಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹನ್ನೊಂದು ವರ್ಷ ಬೇಡಿದರೂ ಆಗದ ಕೆಲಸ ಒಂದು ಗೋಡೆ ಬಿದ್ದಿದ್ದಕ್ಕೆ ಆಗಿತ್ತು. ಸಂತೋಷಕ್ಕೆ ಅಳುವೇ ಬಂತು. ಅದನ್ನು ಪಶ್ಚಾತ್ತಾಪ ಎಂದುಕೊಂಡ ಮೇಡಂ ಸ್ವಲ್ಪ ತಣ್ಣಗಾದರು.

ಆಗಲೇ ಕುಲಪತಿಗಳ ಕಾರು ಬಂತು. ಒಳಗೆ ಕಾಲಿಟ್ಟವರು ಕಂಡಿಯ ಮುಂದೆ ನಿಂತೇಬಿಟ್ಟರು. ಉದುರಿದ್ದು ಯಾವ ಕಾಲದಲ್ಲೋ ಅಡ್ಡ ಕಟ್ಟಿದ್ದ ಇಟ್ಟಿಗೆ ಮಾತ್ರ. ಸುತ್ತ ಹಳೆಯ ಕಲ್ಲಿನ ಕಮಾನು ಒಂದಿಷ್ಟೂ ಮುಕ್ಕಾಗದೆ ನಿಂತಿತ್ತು.

"ಅಬ್ಬಾ! ಮುಚ್ಚಿಹೋಗಿದ್ದ ಕಮಾನನ್ನೇ ಬಿಡಿಸಿದ್ದೀರಲ್ಲ! ಎರಡು ರೂಮು ಒಂದಾಯ್ತು, ಪರದೆ ಎಲ್ಲಾ ಮಕ್ಕಳಿಗೂ ಕಾಣುತ್ತೆ. ಯಾರ್ರೀ ಈ ಐಡಿಯಾ ಕೊಟ್ಟಿದ್ದು?"

ಮುನಿಯಲ್ಲಪ್ಪ ಆಗ ಸದ್ದಿಲ್ಲದೆ ಬಸ್ ಸ್ಟ್ಯಾಂಡಿಗೆ ಹೊರಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷದ ನೌಕರಿಯಲ್ಲಿ ಅವನನ್ನು ಒಬ್ಬರೂ ಹೊಗಳಿರಲಿಲ್ಲ. ಪಾಪ, ಆಸೆಯಾಯಿತು.

"ನಂದೇ ಸಾರ್," ಎಂದ.

"ಭೇಷ್! ಕೈಯಲ್ಲೇನದು?"

"ರಿಲೀವಿಂಗ್ ಆರ್ಡರ್ ಸಾರ್. ಶ್ರೀನಿವಾಸಪುರಕ್ಕೆ..."

"ಏನ್ ಮೇಡಂ ಇದು? ಇಂಥವರನ್ನ ಬಿಟ್ಟುಕೊಡೋದಾ?"

"ಎಲ್ಲಾದ್ರೂ ಉಂಟಾ ಸಾರ್! ನಾನೂ ಅದನ್ನೇ ಹೇಳ್ತಿದ್ದೆ," ಎಂದರು ರಮಾದೇವಿ, ಸೆರಗಿನ ಧೂಳು ಕೊಡವುತ್ತ.

ಕುಲಪತಿಗಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು.

"ಈ ಕಟ್ಟಡದಲ್ಲಿ ಇನ್ನೂ ಹದಿನಾಲ್ಕು ರೂಮಿದೆ. ಅಷ್ಟೂ ಮುಗಿಯೋವರೆಗೆ ನೀವು ಇಲ್ಲೇ. ನಾಳೆಯಿಂದ ಬೆಳಿಗ್ಗೆ ಏಳಕ್ಕೇ ನಿಂತು ಕೆಲಸ ಮಾಡಿಸ್ಬೇಕು."

ರಾಯಲ್ಪಾಡಿನ ಮೊದಲನೇ ಬಸ್ಸು ಹಿಡಿದರೂ ಮುನಿಯಲ್ಲಪ್ಪ ಏಳಕ್ಕೆ ಕೋಲಾರ ಮುಟ್ಟುವ ಹಾಗಿರಲಿಲ್ಲ.

"ಏ... ಏಳಕ್ಕಾ ಸಾರ್?"

ಕುಲಪತಿಗಳು ಅವನ ಬೆನ್ನು ತಟ್ಟಿದರು.

"ಲೇಟಾಯ್ತು ಅಂತೀರಾ? ಸರಿ ಹಾಗಾದ್ರೆ, ಆರಕ್ಕೇ ಬನ್ನಿ!"