ಚಿಕ್ಕ ಕೆಲಸ ಮೊದಲು

ಆಲ್ಗರಿದಮ್ ಪಾಠದ ಮೇಡಂ ಸುಮ್ಮನೆ ಪರೀಕ್ಷೆ ಇಟ್ಟಿದ್ದರೆ ಈ ಪಜೀತಿಯೇ ಇರುತ್ತಿರಲಿಲ್ಲ. "ನಿಮ್ಮ ಆಲ್ಗರಿದಮ್ ಅನ್ನು ನಿಜವಾದ ಜಾಗದಲ್ಲಿ ಓಡಿಸಿ ನೋಡಿ, ನಾಳೆ ಸಂಜೆ ಐದರೊಳಗೆ ವರದಿ ಕೊಡಿ. ತಡವಾದರೂ ಫೇಲು, ನಕಲಾದರೂ ಫೇಲು" ಎಂದುಬಿಟ್ಟರು.

ಪುಸ್ತಕದಿಂದ ತಲೆಯನ್ನೇ ಎತ್ತದ ಕಾರಣ 'ಹುಳ' ಎಂದೇ ಹೆಸರಾಗಿದ್ದ ನಮ್ಮ ಹುಡುಗ ದಪ್ಪನೆಯ ವರದಿ ಮೊದಲೇ ಟೈಪ್ ಮಾಡಿಟ್ಟು, ಪ್ರಯೋಗದ ಫಲಕ್ಕೆ ಕೊನೇ ಹಾಳೆ ಖಾಲಿ ಬಿಟ್ಟು, ಪ್ರಿಂಟ್ ತೆಗೆಸಲು ಬೆಳಗ್ಗೆಯೇ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗೆ ಹೋದ.

"ಅಣ್ಣಾ, ಮೊದಲು ಬಂದವರಿಗೆ ಮೊದಲು ಅನ್ನೋದು ಬಿಡಿ. ಕಮ್ಮಿ ಹಾಳೆಯೋರನ್ನ ಮುಂದೆ ಬಿಡಿ. ಜನ ಕಾಯೋ ಒಟ್ಟು ಹೊತ್ತು ಎಷ್ಟು ಇಳಿಯತ್ತೆ ನೋಡಿ."

"ಅದು ಹೇಗಪ್ಪಾ?" ಅಂಗಡಿಯವನಿಗೂ ಕುತೂಹಲ. "ಆಗಲಿ, ನೋಡೇಬಿಡೋಣ."

ಕ್ಯೂ ಬೆಣ್ಣೆಯಂತೆ ಕರಗಿತು. ಅಂಗಡಿಯವನು ಬೆನ್ನು ತಟ್ಟಿದ. "ಭೇಷ್! ನಿಂದೆಷ್ಟು ಹಾಳೆ?"

"ಎಂಬತ್ತು."

"ಹಾಗಾದ್ರೆ ನೀನು ಕೊನೆಗೆ. ನೀನೇ ಹೇಳಿದ್ದಲ್ವಾ!"

ಆ ಕೊನೆ ಬರಲೇ ಇಲ್ಲ. ಇಲ್ಲಿ ಬೇಗ ಆಗುತ್ತದಂತೆ ಎಂದು ಸುದ್ದಿ ಹಬ್ಬಿ, ಬೀದಿಯೆಲ್ಲ ಒಂದೊಂದು ಹಾಳೆ ಹಿಡಿದು ಬಂತು. "ನನ್ನ ಬೆಕ್ಕು ಕಳೆದುಹೋಗಿದೆ ಮಗಾ, ಒಂದೇ ಹಾಳೆ" ಎಂದು ಒಬ್ಬ ಅಜ್ಜಿ ಅವನನ್ನು ಪಕ್ಕಕ್ಕೆ ಸರಿಸಿದರು. ತನ್ನ ವಿಧಾನ ಗೆದ್ದದ್ದಕ್ಕೆ ಹುಳನಿಗೆ ಹೆಮ್ಮೆಯೂ ಆಯಿತು, ಗಡಿಯಾರ ನೋಡಿ ದಿಗಿಲೂ ಆಯಿತು.

ಅಷ್ಟರಲ್ಲಿ ಅವನದೇ ಕ್ಲಾಸಿನ, ಪುಸ್ತಕವನ್ನೇ ಕೊಳ್ಳದ 'ಕೊನೇ ಬೆಂಚು' ಬಂದ. "ಯಾಕೋ ಹುಳ, ಇಲ್ಲೇ ಬೇರು ಬಿಟ್ಟಿದೀಯ?"

ಕೇಳುವವರು ಸಿಕ್ಕರೆ ಹುಳನಿಗೆ ಲೋಕವೇ ಮರೆಯುತ್ತದೆ. "ಒಂದು ದೋಷ ಈಗ ಗೊತ್ತಾಯ್ತು ಕಣೋ. ಚಿಕ್ಕ ಕೆಲಸ ಬರ್ತಾನೇ ಇದ್ರೆ ದೊಡ್ಡ ಕೆಲಸದ ಸರದಿ ಬರೋದೇ ಇಲ್ಲ!"

"ಅಯ್ಯೋ! ಅದಕ್ಕೇನು ಮದ್ದು?"

"ಕಾದಷ್ಟೂ ದೊಡ್ಡ ಕೆಲಸದವನನ್ನ ಮುಂದಕ್ಕೆ ತಳ್ತಾ ಹೋಗ್ಬೇಕು."

"ಎಷ್ಟು ಚೆನ್ನಾಗಿ ಹೇಳ್ಕೊಡ್ತೀಯೋ!" ಎಂದ ಕೊನೇ ಬೆಂಚು, ಮೂಲೆಯ ಕಂಪ್ಯೂಟರಿನಲ್ಲಿ ಏನೋ ಕುಟ್ಟಿ, ಪ್ರಿಂಟ್ ತೆಗೆಸಿಕೊಂಡು ನಡೆದ.

ಕಡೆಗೆ ಹುಳನಿಗೂ ಬುದ್ಧಿ ಓಡಿತು. ವರದಿಯನ್ನು ಒಂದೊಂದೇ ಹಾಳೆಯಾಗಿ ಪ್ರಿಂಟಿಗೆ ಕೊಡುತ್ತ, ಗಾಣದ ಎತ್ತಿನಂತೆ ಕ್ಯೂ ಸುತ್ತಿದ. ಕೊನೇ ಹಾಳೆಯಲ್ಲಿ ಫಲ, ದೋಷ, ಮದ್ದು ಎಲ್ಲ ಗೀಚಿ, ಏದುಸಿರು ಬಿಡುತ್ತ ಐದಕ್ಕೆ ಸರಿಯಾಗಿ ಮೇಡಂ ಮುಂದೆ ನಿಂತ.

ಮೇಡಂ ಪುಟ ತಿರುವಿ, ಮೇಜಿನಿಂದ ಇನ್ನೊಂದು ಹಾಳೆ ಎತ್ತಿದರು. "ಅದೇ ಅಂಗಡಿ, ಅದೇ ವಿಧಾನ, ಅದೇ ದೋಷ, ಅದೇ ಮದ್ದು. ನಿನ್ನ ಗೆಳೆಯ ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಆಗಲೇ ಕೊಟ್ಟು ಹೋದ. ಅದನ್ನೇ ನಕಲು ಮಾಡಿ ಎಂಬತ್ತು ಹಾಳೆಗೆ ಎಳೆದಿದ್ದೀಯಲ್ಲಪ್ಪಾ!"

"ಮೇಡಂ, ಅದು ನಂದು! ನಾನು ಬೆಳಗ್ಗೆಯಿಂದ ಅಲ್ಲೇ ನಿಂತಿದ್ದೆ, ಅವನು ನನ್ನ ಕಣ್ಣೆದುರೇ ಪ್ರಿಂಟ್ ತಗೊಂಡ!"

"ಬೆಳಗ್ಗೆಯಿಂದ ನಿಂತವನು ಅವನನ್ನ ಯಾಕೆ ಮುಂದೆ ಬಿಟ್ಟೆ?"

ಹುಳ ತನ್ನ ಎಂಬತ್ತು ಹಾಳೆಯ ಕಟ್ಟು ನೋಡಿದ.

"ಅವನದು ಒಂದೇ ಹಾಳೆ ಇತ್ತು ಮೇಡಂ."